ರೋಬೊ ಸ್ಪರ್ಧೆಗೆ ಹೊರಡುವ ಮುಂಚೆ ಒಂದು 'ಒಂದೊಂದ್ಸಲ' ಪುಸ್ತಕ ಇಡಿ

"ಮಿಸ್, ಒಂದೊಂದ್ಸಲ ಹೀಗೆ ಆಗುತ್ತೆ. ಮತ್ತೆ ಬಿಟ್ರೆ ಸರಿ ಹೋಗುತ್ತೆ."

ಈ ಮಾತನ್ನು ನಮ್ಮ ಶಾಲೆಯ ಲ್ಯಾಬಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ರೋಬೊ ನೇರ ಹೋಗಬೇಕಿತ್ತು, ಸ್ವಲ್ಪ ಎಡಕ್ಕೆ ಎಳೆಯಿತು. ಕೊಕ್ಕೆ ತಪ್ಪಿತು. ಮಕ್ಕಳು ಎತ್ತಿ ಮತ್ತೆ ಮೊದಲಿನ ಜಾಗದಲ್ಲಿಟ್ಟರು. ಈ ಸಲ ಸರಿಯಾಗಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲನೇ ಸಲ ಯಾಕೆ ತಪ್ಪಿತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸ್ಪರ್ಧೆಯ ದಿನ ಅದೇ ರೋಬೊ, ಅದೇ ಜಾಗದಲ್ಲಿ, ಅದೇ ಎಡಕ್ಕೆ ಎಳೆಯಿತು. ಮ್ಯಾಚ್ ಮುಗಿಸಿ ನಮ್ಮ ಪಿಟ್ ಟೇಬಲ್ಲಿಗೆ (ಟೀಮ್ ಕೂತು ರಿಪೇರಿ ಮಾಡುವ ಜಾಗ) ಬಂದು ಅದನ್ನು ಮಗುಚಿ ನೋಡಿದೆವು. ಎಡ ಚಕ್ರಕ್ಕೂ ಬೀಮಿಗೂ (ತೂತುಗಳಿರುವ ಉದ್ದ ಲೆಗೊ ಪಟ್ಟಿ) ನಡುವೆ ಒಂದು ಉದ್ದ ಕೂದಲು ಆ್ಯಕ್ಸಲ್‌ಗೆ ಏಳೆಂಟು ಸುತ್ತು ಸುತ್ತಿಕೊಂಡಿತ್ತು. ಧೂಳು ಹಿಡಿದು ಬೂದು ಬಣ್ಣದ ಉಂಗುರದ ಹಾಗೆ ಗಟ್ಟಿಯಾಗಿ ಕೂತಿತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ತಲೆಯಿಂದ ಹೇರ್‌ಪಿನ್ ತೆಗೆದು, ಅದರ ತುದಿಯಿಂದ ಒಂದೊಂದೇ ಸುತ್ತು ಬಿಡಿಸಿದಳು. ಹತ್ತು ನಿಮಿಷ ಹಿಡಿಯಿತು. ಆ ಕೂದಲು ಅವತ್ತು ಸುತ್ತಿಕೊಂಡದ್ದಲ್ಲ. ಅಷ್ಟು ಧೂಳು ಹಿಡಿಯಬೇಕಾದರೆ ತಿಂಗಳಾದರೂ ಆಗಿರಬೇಕು. ಅಂದರೆ ರೋಬೊ ಒಂದು ತಿಂಗಳಿಂದ ನಮಗೆ ಹೇಳುತ್ತಲೇ ಇತ್ತು.

ಅವತ್ತಿನಿಂದ ನಾನು ನಂಬಿರೋದು ಇಷ್ಟು. ಸ್ಪರ್ಧೆಯಲ್ಲಿ ಕೈ ಕೊಡುವ ಹೆಚ್ಚಿನ ತೊಂದರೆಗಳು ಹೊಸವಲ್ಲ. ಪ್ರಾಕ್ಟೀಸಿನಲ್ಲಿ ಒಂದೆರಡು ಸಲ ಮುಖ ತೋರಿಸಿ ಹೋಗಿರುತ್ತವೆ. ಅವನ್ನು ಆಗಲೇ ಹಿಡಿಯೋದು ಹೇಗೆ ಅನ್ನೋದಕ್ಕೆ ಈ ಬರಹ.

ಇದು ಫಸ್ಟ್ ಲೆಗೊ ಲೀಗ್ ಚಾಲೆಂಜ್ ಸ್ಪರ್ಧೆಗೆ ತಯಾರಾಗುವ ಟೀಮ್‌ಗಳಿಗಾಗಿ. ಲೆಗೊ ತುಂಡುಗಳಿಂದ ಮಕ್ಕಳೇ ಕಟ್ಟಿದ ರೋಬೊ, ಟೇಬಲ್ಲಿಗೆ ಹಾಸಿದ ಮ್ಯಾಟಿನ ಮೇಲಿನ ಲೆಗೊ ಮಾಡೆಲ್ಲುಗಳ ಹತ್ತಿರ ಹೋಗಿ ಹೇಳಿದ ಕೆಲಸ ಮಾಡಬೇಕು. ಅಂಥ ಒಂದು ಕೆಲಸಕ್ಕೆ ಮಿಷನ್ ಅಂತಾರೆ, ರೋಬೊ ಒಂದು ಸಲ ಹೊರಟು ಮಾಡುವ ಓಟಕ್ಕೆ ರನ್ ಅಂತಾರೆ. ನಮ್ಮಲ್ಲಿ 9ರಿಂದ 16 ವರ್ಷದ ಮಕ್ಕಳು ಸೇರಬಹುದು. ಒಂದು ಟೀಮಿನಲ್ಲಿ 2ರಿಂದ 10 ಜನ. ಟೇಬಲ್ಲಿನ ಒಳ ಅಳತೆ 2362 ಮಿ.ಮೀ ಉದ್ದ, 1143 ಮಿ.ಮೀ ಅಗಲ. ಒಂದು ಮ್ಯಾಚ್ ಎರಡೂವರೆ ನಿಮಿಷ. ರೋಬೊ ತನ್ನಷ್ಟಕ್ಕೆ ತಾನೇ ಓಡಬೇಕು, ರಿಮೋಟ್ ಇಲ್ಲ. ಸಾಮಾನ್ಯವಾಗಿ ಮೂರು ಮ್ಯಾಚ್ ಇರುತ್ತವೆ, ಅದರಲ್ಲಿ ಅತಿ ಹೆಚ್ಚಿನ ಸ್ಕೋರ್ ಮಾತ್ರ ಲೆಕ್ಕಕ್ಕೆ. ನಾನು ಹೇಳುವ ವಿವರಗಳು ಸ್ಪೈಕ್ ಪ್ರೈಮ್ ಹಬ್ (ರೋಬೊದ ಮಿದುಳಿನ ಹಾಗಿರುವ ಲೆಗೊ ಪೆಟ್ಟಿಗೆ) ಬಳಸುವ ಟೀಮಿಗೆ, ಈಚಿನ ಸೀಸನ್‌ಗಳ ನಿಯಮಕ್ಕೆ ಸರಿಹೊಂದುತ್ತವೆ. ನಿಯಮ ಪ್ರತಿ ವರ್ಷ ಸ್ವಲ್ಪ ಬದಲಾಗುತ್ತೆ. ನಿಮ್ಮ ವರ್ಷದ ರೂಲ್ ಬುಕ್ ಪಕ್ಕದಲ್ಲಿಟ್ಟುಕೊಂಡೇ ಓದಿ.

ಹೆಜ್ಜೆ 1: ಪುಸ್ತಕ ಶುರು ಮಾಡಿ

ಒಂದು 100 ಪುಟದ ನೋಟ್‌ಬುಕ್ ತಗೊಳ್ಳಿ. ಲ್ಯಾಪ್‌ಟಾಪಿನಲ್ಲಿ ಬೇಡ, ಟೇಬಲ್ ಪಕ್ಕದಲ್ಲೇ ಪೆನ್ ಕಟ್ಟಿ ನೇತುಹಾಕಿ. ಪ್ರತಿ ಸಾಲಿಗೆ ನಾಲ್ಕೇ ವಿಷಯ: ತಾರೀಕು, ಯಾವ ರನ್, ಏನು ತಪ್ಪಾಯಿತು, ಆಗ ಬ್ಯಾಟರಿ ಎಷ್ಟಿತ್ತು. ಕೊನೆಗೆ 'ಯಾಕೆ' ಅಂತ ಒಂದು ಕಾಲಮ್ ಬಿಡಿ. ಕಾರಣ ಗೊತ್ತಾಗುವವರೆಗೆ ಅದು ಖಾಲಿ ಇರಲಿ. ಊಹೆಯಿಂದ ತುಂಬಿಸಬೇಡಿ.

"ಎಡಕ್ಕೆ ಹೋಯ್ತು" ಅಂತ ಬರೆದರೆ ಸಾಲದು. "ಎರಡನೇ ತಿರುವು ಆದ ಮೇಲೆ ಸುಮಾರು ಎರಡು ಬೆರಳು ಎಡಕ್ಕೆ" ಅಂತ ಬರೆಯೋದನ್ನು ಮಕ್ಕಳಿಗೆ ಕಲಿಸಿ. ನಮ್ಮ ಮಕ್ಕಳಿಗೆ ಮೊದಲ ಎರಡು ವಾರ ಇದು ಬೇಜಾರು. ಮೂರನೇ ವಾರ ಒಬ್ಬ ಹುಡುಗ ತಾನೇ ಪುಟ ತಿರುಗಿಸಿ, "ಮಿಸ್, ಎಡಕ್ಕೆ ಹೋಗಿರೋದೆಲ್ಲ ಸಂಜೆನೇ" ಅಂದ. ಸಂಜೆ ಅಂದರೆ ಬ್ಯಾಟರಿ ಇಳಿದಿರುವ ಹೊತ್ತು. ಅಲ್ಲಿಂದ ಪುಸ್ತಕ ಅವರದೇ ಆಯಿತು.

ಒಂದು ನಿಯಮ ಮಾಡಿಕೊಳ್ಳಿ. ಒಂದೇ ವಾರದಲ್ಲಿ ಒಂದೇ ತಪ್ಪು ಎರಡು ಸಲ ಬರೆದರೆ, ಅದು ಬಗೆಹರಿಯುವವರೆಗೆ ಹೊಸ ಮಿಷನ್ ಕೈಗೆತ್ತಿಕೊಳ್ಳುವಂತಿಲ್ಲ.

ಹೆಜ್ಜೆ 2: 'ಆಗುತ್ತೆ' ಅಂದರೆ ಎಷ್ಟು ಅಂತ ಲೆಕ್ಕ ಹಾಕಿ

ಒಂದು ರನ್ 10 ಸಲದಲ್ಲಿ 9 ಸಲ ಸರಿ ಹೋಗುತ್ತೆ ಅಂದರೆ ಕೇಳೋಕೆ ಚೆನ್ನಾಗಿರುತ್ತೆ. ಆದರೆ ಮ್ಯಾಚಿನಲ್ಲಿ ಅಂಥ ಆರು ರನ್ ಇವೆ ಅಂದುಕೊಳ್ಳಿ. ಆರೂ ಒಟ್ಟಿಗೆ ಸರಿ ಹೋಗುವ ಸಾಧ್ಯತೆ 0.9ನ್ನು ಆರು ಸಲ ಗುಣಿಸಿದಷ್ಟು, ಅಂದರೆ ಸುಮಾರು 53 ಪರ್ಸೆಂಟ್. ಎರಡು ಮ್ಯಾಚ್ ಆಡಿದರೆ ಒಂದರಲ್ಲಿ ಏನೋ ಒಂದು ಕೆಡುತ್ತೆ ಅಂತಲೇ ಲೆಕ್ಕ. ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ, ನಾವು ಹೇಳೋದಕ್ಕಿಂತ ಜಾಸ್ತಿ ನಾಟುತ್ತೆ.

ಆದ್ದರಿಂದ ಪ್ರತಿ ರನ್ನನ್ನು ಸಾಲಾಗಿ 10 ಸಲ ಬಿಡಿ. ಮಧ್ಯೆ ಪ್ರೋಗ್ರಾಂ ಮುಟ್ಟಬಾರದು. ತಪ್ಪಿದರೂ "ಇದು ಲೆಕ್ಕಕ್ಕಿಲ್ಲ" ಅನ್ನಬಾರದು. 10ಕ್ಕೆ 7 ಬಂದ ರನ್ ಅನ್ನು ಸರಿ ಮಾಡಿ, ಇಲ್ಲಾ ಬಿಟ್ಟುಬಿಡಿ. ಮಿಷನ್ ಬಿಡೋದು ಮಕ್ಕಳಿಗೆ ಬಹಳ ಕಷ್ಟ, ಅದರ ಹಿಂದೆ ವಾರಗಟ್ಟಲೆ ದುಡಿದಿರುತ್ತಾರೆ. ಆದರೂ ಗಟ್ಟಿಯಾದ ಐದು ಮಿಷನ್ ಇರುವ ಟೀಮ್, ನಂಬಿಕೆಯಿಲ್ಲದ ಒಂಬತ್ತು ಮಿಷನ್ ಇರುವ ಟೀಮಿಗಿಂತ ಮುಂದೆ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೆಜ್ಜೆ 3: ನಿಮ್ಮ ಟೇಬಲ್ಲನ್ನು ಬೇಕಂತಲೇ ಕೆಡಿಸಿ

ಲ್ಯಾಬಿನ ಟೇಬಲ್ಲಿಗೆ ರೋಬೊ ಒಗ್ಗಿಹೋಗಿರುತ್ತೆ. ಸ್ಪರ್ಧೆಯ ಟೇಬಲ್ ಬೇರೆ. ಮ್ಯಾಟ್ ಎರಡು ಮೂರು ಮಿ.ಮೀ ಸರಿದು ಕೂತಿರಬಹುದು. ಸುರುಳಿ ಸುತ್ತಿ ತಂದ ಮ್ಯಾಟ್ ಆಗಿದ್ದರೆ ಒಂದೆರಡು ಕಡೆ ಉಬ್ಬಿರಬಹುದು. ಟೇಬಲ್ ಒಂದು ಕಡೆಗೆ ಸ್ವಲ್ಪ ವಾಲಿರಬಹುದು. ಮಾಡೆಲ್‌ಗಳನ್ನು ಮ್ಯಾಟಿಗೆ ಹಿಡಿಸುವ ಡ್ಯುಯಲ್ ಲಾಕ್ ತುಂಡುಗಳು ನಿಮ್ಮಲ್ಲಿ ಹಳತಾಗಿ ಸಡಿಲ ಆಗಿರುತ್ತವೆ, ಅಲ್ಲಿ ಹೊಸದಾಗಿ ಬಿಗಿಯಾಗಿರುತ್ತವೆ. ಮನೆಯಲ್ಲಿ ತಳ್ಳಿದರೆ ಜರುಗಿ ಜಾಗ ಕೊಡುತ್ತಿದ್ದ ಮಾಡೆಲ್ ಅಲ್ಲಿ ಗೋಡೆಯ ಹಾಗೆ ನಿಲ್ಲುತ್ತೆ. ರೋಬೊ ಅದಕ್ಕೆ ಗುದ್ದಿ ಸೊಟ್ಟಗಾಗುತ್ತೆ.

ಕೋನದ ಲೆಕ್ಕ ಗೊತ್ತಿದ್ದರೆ ಇದರ ತೂಕ ಅರ್ಥ ಆಗುತ್ತೆ. ಹೊರಡುವಾಗ ರೋಬೊ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೆ, ಒಂದು ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿ.ಮೀ ಪಕ್ಕಕ್ಕೆ ಸರಿದಿರುತ್ತೆ. ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ಹೋದರೆ ಸುಮಾರು 41 ಮಿ.ಮೀ. ಒಂದು ಡಿಗ್ರಿ ಕಣ್ಣಿಗೆ ಕಾಣೋದೇ ಇಲ್ಲ. ಹನಿ ಹನಿಗೂಡಿದರೆ ಹಳ್ಳ ಅನ್ನೋದು ಇಲ್ಲಿ ತಪ್ಪಿಗೂ ಸರಿಹೊಂದುತ್ತೆ.

ಸ್ಪರ್ಧೆಗೆ ಮೂರು ವಾರ ಇರುವಾಗ ಈ ಪರೀಕ್ಷೆಗಳನ್ನು ದಿನಕ್ಕೊಂದರಂತೆ ಮಾಡಿ. ಮ್ಯಾಟನ್ನು 3 ಮಿ.ಮೀ ಪಕ್ಕಕ್ಕೆ ಸರಿಸಿ ಎಲ್ಲ ರನ್ ಬಿಡಿ. ಟೇಬಲ್ಲಿನ ಒಂದು ಕಾಲಿನ ಕೆಳಗೆ ಎರಡು ನಾಣ್ಯ ಇಟ್ಟು ಬಿಡಿ. ಮ್ಯಾಟಿನ ಅಡಿ ಒಂದು ಕಡೆ ದಾರ ಹಾಕಿ ಉಬ್ಬಿಸಿ ಬಿಡಿ. ಮಾಡೆಲ್‌ಗಳಿಗೆ ಹೊಸ ಡ್ಯುಯಲ್ ಲಾಕ್ ಹಾಕಿ ಬಿಡಿ. ಯಾವ ರನ್ ಕೆಟ್ಟಿತು ಅಂತ ಪುಸ್ತಕಕ್ಕೆ ಹತ್ತಲಿ.

ಕೆಟ್ಟ ರನ್ನುಗಳಿಗೆ ಪರಿಹಾರ ಬಹುಪಾಲು ಒಂದೇ. ದೂರ ಅಳೆದುಕೊಂಡೇ ಕೊನೆಯವರೆಗೆ ಹೋಗಬೇಡಿ, ದಾರಿಯಲ್ಲಿ ಏನಾದರೂ ಹಿಡಿದುಕೊಂಡು ಸರಿಪಡಿಸಿಕೊಳ್ಳಿ. ಗೋಡೆಗೆ ಬೆನ್ನು ಒತ್ತಿ ನೇರ ಆಗಬಹುದು. ಕಪ್ಪು ಗೆರೆಗೆ ಎರಡು ಕಲರ್ ಸೆನ್ಸರ್ ತಾಗಿಸಿ ನೇರ ಆಗಬಹುದು. ಮಾಡೆಲ್‌ನ ಚೌಕಟ್ಟಿಗೇ ರೋಬೊದ ಮುಂಭಾಗ ತಾಗಿಸಿ ನಿಲ್ಲಿಸಬಹುದು. ಕೊಕ್ಕೆಯನ್ನು ಒಂದು ಬೀಮ್‌ನಷ್ಟು ಅಗಲ ಮಾಡಿದರೆ 8 ಮಿ.ಮೀ ತಪ್ಪಿಗೆ ಜಾಗ ಸಿಗುತ್ತೆ. ಮಕ್ಕಳು ಪ್ರೋಗ್ರಾಮಿನಲ್ಲಿ 'ಇನ್ನೆರಡು ಡಿಗ್ರಿ' ತಿದ್ದುತ್ತಾ ಸಂಜೆ ಕಳೆಯುತ್ತಾರೆ. ಅಗಲದ ಕೊಕ್ಕೆ ಆ ಸಂಜೆಯನ್ನು ಉಳಿಸುತ್ತೆ.

ಹೆಜ್ಜೆ 4: ಬೆಳಕು

ಕಲರ್ ಸೆನ್ಸರ್ ಬಳಸುವವರು ಇದನ್ನು ಬಿಡಬೇಡಿ. ಹಾಲ್‌ನಲ್ಲಿ ತಲೆ ಮೇಲೆ ದೊಡ್ಡ ಲೈಟುಗಳು, ಪಕ್ಕದಲ್ಲಿ ಮೊಬೈಲ್ ಫ್ಲಾಶುಗಳು, ಒಂದು ಕಡೆ ಕಿಟಕಿಯ ಬಿಸಿಲು. ಈ ಸೆನ್ಸರ್ ಮ್ಯಾಟಿನಿಂದ ವಾಪಸ್ ಬರುವ ಬೆಳಕನ್ನು ಒಂದು ಸಂಖ್ಯೆಯಾಗಿ ತೋರಿಸುತ್ತೆ. ಲ್ಯಾಬಿನಲ್ಲಿ ಕಪ್ಪಿಗೆ 18, ಬಿಳಿಗೆ 90 ತೋರಿಸುತ್ತಿದ್ದ ಸೆನ್ಸರ್ ಅಲ್ಲಿ ಬೇರೆ ಸಂಖ್ಯೆ ತೋರಿಸಬಹುದು.

ಸೆನ್ಸರ್ ನೆಲದಿಂದ ಸುಮಾರು 16 ಮಿ.ಮೀ ಎತ್ತರದಲ್ಲಿರಲಿ. ಸುತ್ತ ಕಪ್ಪು ಬೀಮ್ ಅಥವಾ ಪ್ಯಾನೆಲ್‌ನಿಂದ ಮರೆ ಕಟ್ಟಿ. ಕಪ್ಪು ಬಿಳುಪಿನ ಸಂಖ್ಯೆಯನ್ನು ಪ್ರತಿ ರನ್ನಿನಲ್ಲೂ ಬೇರೆ ಬೇರೆ ಬರೆಯುವ ಬದಲು ಒಂದೇ ಕಡೆ ಇಡಿ, ಅಲ್ಲಿ ಹೋದ ಮೇಲೆ ಒಂದೇ ಜಾಗದಲ್ಲಿ ಬದಲಾಯಿಸಿದರೆ ಸಾಕಾಗಬೇಕು. ಲ್ಯಾಬಿನಲ್ಲಿ ಕಿಟಕಿ ಮುಚ್ಚಿ ಒಂದು ಸಲ, ತೆರೆದು ಒಂದು ಸಲ, ಟೇಬಲ್ ಮೇಲೆ ಟಾರ್ಚ್ ಹಿಡಿದು ಒಂದು ಸಲ ಬಿಟ್ಟು ನೋಡಿ.

ಹೆಜ್ಜೆ 5: ಬ್ಯಾಟರಿ, ಜೈರೊ, ಚಕ್ರ

ನನ್ನ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಸಾಲುಗಳ 'ಯಾಕೆ' ಕಾಲಮ್ಮಿನಲ್ಲಿ ಇರೋದು ಈ ಮೂರೇ ಪದ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಬ್‌ನ ಬ್ಯಾಟರಿ ಲಿಥಿಯಂ ಅಯಾನ್. ಪೂರ್ತಿ ಚಾರ್ಜ್ ಆದಾಗ 8 ವೋಲ್ಟಿಗಿಂತ ಮೇಲಿರುತ್ತೆ, ಬಳಸುತ್ತಾ ಸುಮಾರು 7ಕ್ಕೆ ಇಳಿಯುತ್ತೆ. ಮೋಟರ್‌ಗೆ 'ಪವರ್' ಹೇಳಿ ಓಡಿಸಿದರೆ ವೋಲ್ಟೇಜ್ ಇಳಿದ ಹಾಗೆ ವೇಗವೂ ಇಳಿಯುತ್ತೆ. 'ಸ್ಪೀಡ್' ಹೇಳಿ ಓಡಿಸಿದರೆ ಹಬ್ ತಾನೇ ಸರಿದೂಗಿಸುತ್ತೆ. ಆದರೆ 100 ಪರ್ಸೆಂಟ್ ಸ್ಪೀಡ್ ಕೇಳಿದರೆ ಇಳಿದ ಬ್ಯಾಟರಿಯಲ್ಲಿ ಅದಕ್ಕೆ ದೂಗಿಸಲು ಏನೂ ಉಳಿದಿರಲ್ಲ. ಅದಕ್ಕೇ ನಾವು 70 ದಾಟಲ್ಲ. ಇನ್ನೊಂದು, 'ಇಷ್ಟು ಸೆಕೆಂಡ್ ಮುಂದೆ ಹೋಗು' ಅಂತ ಎಲ್ಲಾದರೂ ಬರೆದಿದ್ದರೆ ಹುಡುಕಿ ತೆಗೆದು, ಸೆಂಟಿಮೀಟರ್ ಅಥವಾ ಸುತ್ತುಗಳಿಗೆ ಬದಲಾಯಿಸಿ. ಗೋಡೆಗೆ ಒತ್ತಿ ನಿಲ್ಲುವ ಕಡೆ ಮಾತ್ರ ಸೆಕೆಂಡ್ ಇರಲಿ, ಇಲ್ಲದಿದ್ದರೆ ಅಲ್ಲಿ ರೋಬೊ ಸಿಕ್ಕಿಕೊಂಡು ನಿಂತೇ ಇರುತ್ತೆ.

ಪ್ರಾಕ್ಟೀಸನ್ನು ಒಂದೇ ಮಟ್ಟದ ಬ್ಯಾಟರಿಯಲ್ಲಿ ಮಾಡಬೇಡಿ. 100ರಲ್ಲಿ, 80ರಲ್ಲಿ, 60ರಲ್ಲಿ ಹತ್ತತ್ತು ಸಲ ಬಿಡಿ. ಎಷ್ಟಕ್ಕೆ ಇಳಿದಾಗ ರನ್ ಕೆಡಲು ಶುರುವಾಗುತ್ತೋ ಅದು ನಿಮ್ಮ ಟೀಮಿನ ಗಡಿ. ಸ್ಪರ್ಧೆಯ ದಿನ ಅದರ ಕೆಳಗೆ ಹೋಗದ ಹಾಗೆ ನೋಡಿಕೊಳ್ಳೋಕೆ ಒಬ್ಬರಿಗೆ ಜವಾಬ್ದಾರಿ ಕೊಡಿ.

ಜೈರೊ ಅಂದರೆ ಹಬ್ ಒಳಗೆ ಕೂತು ರೋಬೊ ಯಾವ ಕಡೆ ತಿರುಗಿದೆ ಅಂತ ಹೇಳುವ ಸೆನ್ಸರ್. ಹಬ್ ಆನ್ ಮಾಡುವಾಗ ಅದು ಅಲುಗಾಡದೆ ಇರಬೇಕು. ಕ್ಯೂನಲ್ಲಿ ನಿಂತು, ರೋಬೊವನ್ನು ಎದೆಗೆ ಅವಚಿಕೊಂಡು, ಗಾಬರಿಯಲ್ಲಿ ಬಟನ್ ಒತ್ತಿ ಆನ್ ಮಾಡಿಬಿಡುತ್ತಾರೆ. ಆಮೇಲೆ ತಿರುವುಗಳೆಲ್ಲ ತಪ್ಪು. ಟೇಬಲ್ ಮೇಲೆ ಇಟ್ಟ ಮೇಲೇ ಆನ್ ಮಾಡೋದು ಅಭ್ಯಾಸವಾಗಲಿ. ರನ್ ಶುರು ಮಾಡುವ ಬಟನ್ ಒತ್ತಿದಾಗಲೂ ಬೆರಳಿನ ಭಾರಕ್ಕೆ ರೋಬೊ ಕೊಂಚ ಅಲುಗುತ್ತೆ. ಆದ್ದರಿಂದ ಪ್ರತಿ ಪ್ರೋಗ್ರಾಮಿನ ತಲೆಯಲ್ಲಿ ಅರ್ಧ ಸೆಕೆಂಡ್ ಕಾಯಿಸಿ, ಆಮೇಲೆ ಜೈರೊವನ್ನು ಸೊನ್ನೆ ಮಾಡಿ, ಆಮೇಲೆ ಹೊರಡಿಸಿ. ಆರು ರನ್ನಿಗೆ ಮೂರು ಸೆಕೆಂಡ್ ಖರ್ಚು. ನಮ್ಮ ಟೀಮಿಗೆ ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಟ್ಟದ್ದು ಬೇರೊಂದಿಲ್ಲ.

ಹಾಗೇ ತೋಳಿನ ಮೋಟರ್. ಹೋದ ರನ್ನಿನಲ್ಲಿ ತೋಳು ಅರ್ಧಕ್ಕೆ ಎತ್ತಿ ನಿಂತಿರುತ್ತೆ, ಮಗು ಅದನ್ನು ಹಾಗೇ ಇಟ್ಟು ಬಟನ್ ಒತ್ತುತ್ತೆ. ತೋಳು ಸೊನ್ನೆಗೆ ಬಂದ ಮೇಲೇ ರೋಬೊ ಹೊರಡುವ ಹಾಗೆ ಬರೆಯಿರಿ.

ಚಕ್ರದ ವಿಷಯ ಮೊದಲೇ ಹೇಳಿದೆ. ಸ್ಪೈಕ್‌ನ 56 ಮಿ.ಮೀ ಚಕ್ರ ಒಂದು ಸುತ್ತಿಗೆ ಸುಮಾರು 17.6 ಸೆಂ.ಮೀ ಹೋಗುತ್ತೆ. ಟೈರ್ ಮೇಲೆ ಧೂಳು ಕೂತು ಜಾರಿದರೆ ಈ ಲೆಕ್ಕ ಕೆಡುತ್ತೆ. ದಿನಾ ಪ್ರಾಕ್ಟೀಸಿಗೆ ಮುಂಚೆ ಒದ್ದೆ ಬಟ್ಟೆಯಲ್ಲಿ ಟೈರ್ ಒರೆಸಿ, ಒಣಗಿಸಿ. ವಾರಕ್ಕೊಮ್ಮೆ ಚಕ್ರ ತೆಗೆದು ಆ್ಯಕ್ಸಲ್ ನೋಡಿ. ಚಕ್ರ ಬೀಮಿಗೆ ತೀರಾ ಒತ್ತಿ ಕೂತಿದ್ದರೂ ತೊಂದರೆ. ಕೈಯಿಂದ ತಿರುಗಿಸಿದಾಗ ಎರಡೂ ಕಡೆ ಒಂದೇ ತರ ಸಲೀಸಾಗಿ ಸುತ್ತಬೇಕು.

ಹೆಜ್ಜೆ 6: ಕೈಗಳಿಗೂ ಪ್ರಾಕ್ಟೀಸ್ ಬೇಕು

ಮ್ಯಾಚ್ 150 ಸೆಕೆಂಡ್. ಬೇರೆ ಬೇರೆ ಮಿಷನ್ನಿಗೆ ರೋಬೊಗೆ ಸಿಕ್ಕಿಸಿ ತೆಗೆಯುವ ಕೊಕ್ಕೆ, ತೋಳುಗಳೇ ಅಟ್ಯಾಚ್‌ಮೆಂಟ್. ಐದು ಸಲ ಅಟ್ಯಾಚ್‌ಮೆಂಟ್ ಬದಲಾಯಿಸಲು ತಲಾ 10 ಸೆಕೆಂಡ್ ಹಿಡಿದರೆ 50 ಸೆಕೆಂಡ್ ಹೋಯಿತು. ಮೂರರಲ್ಲಿ ಒಂದು ಭಾಗ! ಪಿನ್ ಒತ್ತಿ ಕೂರಿಸುವ ಅಟ್ಯಾಚ್‌ಮೆಂಟ್‌ಗಿಂತ ಮೇಲಿಂದ ಇಳಿಸಿದರೆ ತಾನೇ ಕೂರುವಂಥದ್ದು ಒಳ್ಳೆಯದು. ಗಾಬರಿಯಲ್ಲಿ ನಡುಗುವ ಕೈಗೆ ಸಣ್ಣ ಪಿನ್ ಸಿಗಲ್ಲ.

ಟೇಬಲ್ ಹತ್ತಿರ ಒಂದೇ ಹೊತ್ತಿಗೆ ನಿಲ್ಲಬಹುದಾದದ್ದು ನಾಲ್ಕು ಮಕ್ಕಳು, ಎಡಕ್ಕೆ ಇಬ್ಬರು, ಬಲಕ್ಕೆ ಇಬ್ಬರು. ಯಾರು ರೋಬೊ ಹಿಡಿಯುತ್ತಾರೆ, ಯಾರು ಮುಂದಿನ ಅಟ್ಯಾಚ್‌ಮೆಂಟ್ ಎತ್ತಿ ಕೊಡುತ್ತಾರೆ ಅಂತ ತೀರ್ಮಾನವಾಗಿರಲಿ. ಅಟ್ಯಾಚ್‌ಮೆಂಟ್‌ಗಳಿಗೆ ಬಣ್ಣದ ಗುರುತಿರಲಿ. ನಿಯಮದ ಪ್ರಕಾರ ಲೆಗೊ ಭಾಗಗಳು ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು, ಹಾಗಾಗಿ ಕೆಂಪು ಬೀಮ್, ಹಳದಿ ಬೀಮ್ ಹಾಕಿಯೇ ಗುರುತು ಮಾಡಿ. ಪ್ರೋಗ್ರಾಂಗಳನ್ನೂ ರನ್‌ಗಳ ಸಾಲಿನಲ್ಲೇ ಹಬ್‌ನ ಸ್ಲಾಟ್‌ಗಳಲ್ಲಿ ಜೋಡಿಸಿ. ತಪ್ಪು ಸ್ಲಾಟ್ ಒತ್ತೋದು ಎಲ್ಲ ಟೀಮಿಗೂ ಆಗುವ ತಪ್ಪು. ಒಬ್ಬರು ಒತ್ತುವಾಗ ಪಕ್ಕದವರು ಹಬ್‌ನ ಸಂಖ್ಯೆಯನ್ನು ಜೋರಾಗಿ ಓದಲಿ.

ರೋಬೊ ದಾರಿ ತಪ್ಪಿ ಮಧ್ಯದಲ್ಲಿ ನಿಂತರೆ ಏನು ಮಾಡೋದು? ಇದನ್ನು ಅಲ್ಲಿ ಯೋಚಿಸಿದರೆ ತಡ. ಹೊರಡುವ ಜಾಗದಿಂದ ಹೊರಗಿರುವ ರೋಬೊವನ್ನು ಮುಟ್ಟಿ ತಂದರೆ ಒಂದು ಪ್ರಿಸಿಷನ್ ಟೋಕನ್ (ಕೊನೆಗೆ ಉಳಿದದ್ದಕ್ಕೆ ಅಂಕ ಸಿಗುವ ಬಿಲ್ಲೆ) ಹೋಗುತ್ತೆ. ಶುರುವಿನಲ್ಲಿ ಆರು ಇರುತ್ತವೆ. ಆರು ಉಳಿದರೂ 50 ಅಂಕ, ಐದು ಉಳಿದರೂ 50 ಅಂಕ. ನಾಲ್ಕಾದರೆ 35, ಮೂರಾದರೆ 25. ಅಂದರೆ ಮೊದಲನೇ ಸಲ ಎತ್ತಿ ತರೋದಕ್ಕೆ ಅಂಕದ ನಷ್ಟವೇ ಇಲ್ಲ. ಈ ಕೋಷ್ಟಕ ಬಾಯಿಪಾಠ ಆಗದ ಮಕ್ಕಳು, ಸಿಕ್ಕಿಕೊಂಡ ರೋಬೊವನ್ನು ನೋಡುತ್ತಾ 30 ಸೆಕೆಂಡ್ ನಿಂತುಬಿಡುತ್ತಾರೆ. ವಾರಕ್ಕೊಂದು ದಿನ ನೀವೇ ಬೇಕಂತ ರೋಬೊಗೆ ಅಡ್ಡ ಕೈ ಇಟ್ಟು ಕೆಡಿಸಿ, ಅವರು ಏನು ಮಾಡುತ್ತಾರೆ ನೋಡಿ.

ಗದ್ದಲದಲ್ಲೂ ಆಡಿಸಿ. ಪಕ್ಕದಲ್ಲೇ ಇನ್ನೊಂದು ಟೀಮ್ ಆಡುತ್ತಿರುತ್ತೆ, ಮೈಕ್ ಕೂಗುತ್ತಿರುತ್ತೆ, "ತ್ರೀ, ಟೂ, ವನ್, ಲೆಗೊ!" ಅಂತ ನೂರಾರು ಜನ ಒಟ್ಟಿಗೆ ಅರಚುತ್ತಾರೆ. ಒಂದು ವರ್ಷ ನಮ್ಮ ಲ್ಯಾಬಿನ ಹಿಂದಿನ ಬೀದಿಯಲ್ಲಿ ಗಣಪತಿ ಕೂರಿಸಿ ಐದು ದಿನ ದೊಡ್ಡ ಸ್ಪೀಕರ್ ಹಾಕಿದ್ದರು. ಪ್ರಾಕ್ಟೀಸ್ ನಿಲ್ಲಿಸೋಣ ಅಂದುಕೊಂಡಿದ್ದೆ, ಮಕ್ಕಳು ಬೇಡ ಅಂದರು. ಆ ಐದು ದಿನ ಕೈಸನ್ನೆಯಲ್ಲೇ ಮಾತಾಡಿ ಕಲಿತರು. ಸ್ಪರ್ಧೆಯಲ್ಲಿ ಆ ಸನ್ನೆಗಳೇ ಕೆಲಸಕ್ಕೆ ಬಂದವು.

ಹೆಜ್ಜೆ 7: ಪ್ರೋಗ್ರಾಂ ಮತ್ತು ಲ್ಯಾಪ್‌ಟಾಪ್

ಸ್ಪರ್ಧೆಗೆ ನಾಲ್ಕು ದಿನ ಮುಂಚೆ ಪ್ರೋಗ್ರಾಂಗೆ ಬೀಗ ಹಾಕಿ. ಎಲ್ಲ ರನ್‌ಗಳ ಒಂದು ಪ್ರತಿ ತಾರೀಕು ಹಾಕಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಪ್ರತಿ ಎರಡನೇ ಲ್ಯಾಪ್‌ಟಾಪಿನಲ್ಲಿ. ಹೊರಡುವ ಹಿಂದಿನ ರಾತ್ರಿ ಆ್ಯಪ್ ಅಪ್‌ಡೇಟ್ ಮಾಡಲೇಬೇಡಿ. ಆ್ಯಪ್ ಹೊಸದಾದರೆ ಹಬ್‌ನ ಸಾಫ್ಟ್‌ವೇರನ್ನೂ ಹೊಸದು ಮಾಡು ಅಂತ ಕೇಳಬಹುದು, ಆಮೇಲೆ ಹಳೇ ಪ್ರೋಗ್ರಾಂ ಬೇರೆ ತರ ನಡೆದುಕೊಂಡರೆ ಸರಿ ಮಾಡಲು ಹೊತ್ತಿರಲ್ಲ. ಅಪ್‌ಡೇಟ್ ಬೇಕಿದ್ದರೆ ತಿಂಗಳ ಮುಂಚೆ ಮುಗಿಸಿ, ಎಲ್ಲ ರನ್ನನ್ನೂ ಮತ್ತೆ 10 ಸಲ ಬಿಡಿ. ಹಾಲ್‌ನಲ್ಲಿ ಇಂಟರ್ನೆಟ್ ಇರುತ್ತೆ ಅಂತ ನಂಬಬೇಡಿ. ವೈಫೈ ಆಫ್ ಮಾಡಿ ಲ್ಯಾಪ್‌ಟಾಪಿನಲ್ಲಿ ಎಲ್ಲ ತೆರೆಯುತ್ತಾ ಅಂತ ಶಾಲೆಯಲ್ಲೇ ನೋಡಿ.

ಬ್ಲೂಟೂತ್ ವಿಷಯದಲ್ಲಿ ಹುಷಾರು. ಹತ್ತಾರು ಟೀಮಿನ ಹಬ್‌ಗಳು ಒಂದೇ ಕಡೆ ಇರುತ್ತವೆ. ಹೆಸರು ಬದಲಾಯಿಸದಿದ್ದರೆ ಯಾವುದು ನಿಮ್ಮದು ಗೊತ್ತಾಗಲ್ಲ, ತಪ್ಪಿ ಬೇರೆಯವರ ಹಬ್‌ಗೆ ಸೇರಿಕೊಂಡು ಅವರ ಪ್ರೋಗ್ರಾಂ ಅಳಿಸಿಬಿಟ್ಟರೆ ಆ ಮಕ್ಕಳ ಗತಿ ಏನು? ಹಬ್‌ಗೆ ನಿಮ್ಮ ಟೀಮಿನ ಹೆಸರಿಡಿ. ಅಲ್ಲಿ ಕೇಬಲ್ಲಿನಲ್ಲೇ ಲೋಡ್ ಮಾಡಿ. ಆಡುವ ಜಾಗದಲ್ಲಿ ಬ್ಲೂಟೂತ್ ಬಳಸೋದಕ್ಕೆ ನಿಯಮವೂ ಬಿಡಲ್ಲ.

ಹೆಜ್ಜೆ 8: ಪೆಟ್ಟಿಗೆ ಮತ್ತು ಪ್ರಯಾಣ

ನಾವು ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗೋದು. ಮೊದಲ ವರ್ಷ ರೋಬೊವನ್ನು ಬಟ್ಟೆ ಬ್ಯಾಗಿನಲ್ಲಿಟ್ಟು ತಲೆ ಮೇಲಿನ ರ‍್ಯಾಕಿಗೆ ಹಾಕಿದ್ದೆವು. ಬೆಳಿಗ್ಗೆ ತೆಗೆದಾಗ ನೋಡೋಕೆ ಸರಿಯಾಗೇ ಇತ್ತು. ಆದರೆ ಒಂದೊಂದು ಪಿನ್ನೂ ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಈಗ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದೊಳಗೆ ಟವೆಲ್ ಸುತ್ತಿ ಇಟ್ಟು, ಒಬ್ಬರ ತೊಡೆ ಮೇಲೆ ಇಟ್ಟುಕೊಂಡು ಹೋಗುತ್ತೇವೆ. ತಲುಪಿದ ಮೇಲೆ ಮೊದಲ ಕೆಲಸ, ಪ್ರತಿ ಪಿನ್, ಪ್ರತಿ ಕೇಬಲ್ ಬೆರಳಿನಿಂದ ಒತ್ತೋದು. ರೋಬೊ ಮತ್ತು ಪ್ರತಿ ಅಟ್ಯಾಚ್‌ಮೆಂಟಿನ ಫೋಟೊವನ್ನು ಆರೂ ಕಡೆಯಿಂದ ತೆಗೆದು ಪ್ರಿಂಟ್ ಹಾಕಿಸಿ. ಕೈ ಜಾರಿ ಬಿದ್ದು ಚೂರಾದರೆ ಮತ್ತೆ ಕಟ್ಟೋಕೆ ಆ ಕಾಗದವೇ ಆಧಾರ.

ಪೆಟ್ಟಿಗೆಯಲ್ಲಿ ಇರಬೇಕಾದ್ದು: ಚಾರ್ಜರ್, ಎರಡು ಡೇಟಾ ಕೇಬಲ್, ಉದ್ದದ ಎಕ್ಸ್‌ಟೆನ್ಶನ್ ಬೋರ್ಡ್, ಇನ್ನೊಂದು ಬ್ಯಾಟರಿ ಇದ್ದರೆ ಅದು, ಒಂದೊಂದು ಮೋಟರ್ ಮತ್ತು ಸೆನ್ಸರ್, ಒಂದು ಡಬ್ಬಿ ತುಂಬ ಪಿನ್ ಆ್ಯಕ್ಸಲ್ಲು, ಒಂದು ಜೊತೆ ಟೈರ್, ಒರೆಸುವ ಬಟ್ಟೆ, ಸಣ್ಣ ಚಿಮುಟ, ಸ್ಕೇಲು, ರೂಲ್ ಬುಕ್ಕಿನ ಪ್ರಿಂಟ್, ಮತ್ತು ಆ ಪುಸ್ತಕ. ಜೊತೆಗೆ ನೀರು, ಬಾಳೆಹಣ್ಣು, ಚಪಾತಿ ರೋಲ್. ಹಸಿದ ಮಕ್ಕಳು ಜಗಳ ಆಡುತ್ತಾರೆ, ತಪ್ಪು ಬಟನ್ ಒತ್ತುತ್ತಾರೆ. ಊಟದ ಹೊತ್ತಿಗೇ ನಿಮ್ಮ ಮ್ಯಾಚ್ ಬೀಳಬಹುದು.

ಹೆಜ್ಜೆ 9: ಆ ದಿನ

ಮೊದಲು ವೇಳಾಪಟ್ಟಿ ತಗೊಂಡು ಎಲ್ಲರಿಗೂ ಓದಿ ಹೇಳಿ. ಮ್ಯಾಚಿಗೂ ಜಡ್ಜ್‌ಗಳ ಕೋಣೆಗೂ ನಡುವೆ 20 ನಿಮಿಷವೇ ಇದ್ದರೆ, ರೋಬೊ ರಿಪೇರಿ ಮಧ್ಯದಲ್ಲಿ ಬಿಟ್ಟು ಓಡಬೇಕಾಗುತ್ತೆ. ರೋಬೊವನ್ನು ಕೋಣೆಗೂ ಒಯ್ಯಬೇಕು, ಮರೆಯಬೇಡಿ.

ಪ್ರಾಕ್ಟೀಸ್ ಟೇಬಲ್ ಸಿಕ್ಕಿದ ಕೂಡಲೆ ಮಕ್ಕಳು ತಮ್ಮ ಅಚ್ಚುಮೆಚ್ಚಿನ ರನ್ ಬಿಡುತ್ತಾರೆ. ಅದು ಬೇಡ. ಮೊದಲು ಸೆನ್ಸರಿನ ಕಪ್ಪು ಬಿಳುಪು ಸಂಖ್ಯೆ ನೋಡಿ. ಆಮೇಲೆ ಪುಸ್ತಕ ತೆರೆದು, ಅತಿ ಹೆಚ್ಚು ಸಲ ಕೆಟ್ಟಿರುವ ರನ್ ಯಾವುದೋ ಅದನ್ನು ಬಿಡಿ. ಒಂದು ಸಲ ತಪ್ಪಿತು ಅಂತ ಪ್ರೋಗ್ರಾಂ ತಿದ್ದಲು ಕೂರಬೇಡಿ. ಟೈರ್, ಬ್ಯಾಟರಿ, ಇಟ್ಟ ಜಾಗ, ಈ ಮೂರನ್ನೂ ನೋಡಿ ಇನ್ನೊಮ್ಮೆ ಬಿಡಿ. ಎರಡು ಸಲವೂ ಒಂದೇ ಕಡೆಗೆ, ಒಂದೇ ಅಳತೆ ತಪ್ಪಿದರೆ ಮಾತ್ರ ಪ್ರೋಗ್ರಾಂ ಮುಟ್ಟಿ, ಅದೂ ಒಂದೇ ಒಂದು ಬದಲಾವಣೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಅದು ಇಲ್ಲಿ ಬಹಳ ದುಬಾರಿ.

ಮ್ಯಾಚಿಗೆ ಮುಂಚೆ ರೆಫರಿ ನಿಮ್ಮ ಸಾಮಾನು ನೋಡುತ್ತಾರೆ. ರೋಬೊ ಮತ್ತು ಎಲ್ಲ ಅಟ್ಯಾಚ್‌ಮೆಂಟ್ ಒಂದು ಲಾಂಚ್ ಏರಿಯಾದ (ಮ್ಯಾಟಿನ ಮೂಲೆಯಲ್ಲಿ ರೋಬೊ ಹೊರಡುವ ಜಾಗ) ಒಳಗೆ, 305 ಮಿ.ಮೀ ಎತ್ತರದ ಕೆಳಗೆ ಹಿಡಿಸಿದರೆ 20 ಅಂಕ. ಅದನ್ನು ಜೋಡಿಸುವ ರೀತಿಯನ್ನು ರಟ್ಟಿನ ಮೇಲೆ ಗೆರೆ ಹಾಕಿ ಮೊದಲೇ ಕಲಿತಿರಿ. ಅಲ್ಲಿ ಹೋಗಿ ಹಿಡಿಸಲು ಪರದಾಡಿದರೆ ಶುರುವಿಗೇ ಕೈ ನಡುಗುತ್ತೆ.

ಮ್ಯಾಚ್ ಮುಗಿದ ಕೂಡಲೆ ಟೇಬಲ್ ಮೇಲಿನ ಯಾವುದನ್ನೂ ಮುಟ್ಟಬಾರದು. ರೆಫರಿ ಒಂದೊಂದೇ ಮಿಷನ್ ನೋಡಿ ಅಂಕ ಹಾಕುವಾಗ ಮಕ್ಕಳು ಜೊತೆಗೆ ನಿಂತು ನೋಡಬೇಕು. ಒಪ್ಪಿಗೆ ಇಲ್ಲದಿದ್ದರೆ ಅಲ್ಲೇ, ಆಗಲೇ, ಮರ್ಯಾದೆಯಿಂದ ಕೇಳಬೇಕು: "ಸರ್, ಇದು ಗೆರೆಗೆ ತಾಗಿದೆ ಅಲ್ವಾ, ಇನ್ನೊಮ್ಮೆ ನೋಡ್ತೀರಾ?" ಅನುಮಾನ ಇದ್ದರೆ ಟೀಮಿನ ಪರವಾಗಿ ತೀರ್ಮಾನಿಸಬೇಕು ಅಂತ ನಿಯಮದಲ್ಲೇ ಇದೆ. ಒಪ್ಪಿಕೊಂಡು ಬಂದ ಮೇಲೆ ಅದು ಮುಗಿದ ಮಾತು. ಈ ಪ್ರಶ್ನೆ ಕೇಳಬೇಕಾದ್ದು ಮಕ್ಕಳು, ನಾವಲ್ಲ.

ಮೊದಲ ಮ್ಯಾಚ್ ಕೆಟ್ಟರೆ ಅಳು ಬರುತ್ತೆ, ಬರಲಿ. ಐದು ನಿಮಿಷ ಬಿಟ್ಟು, ಮೂರರಲ್ಲಿ ಒಳ್ಳೆಯದೊಂದೇ ಲೆಕ್ಕಕ್ಕೆ ಬರೋದು ಅಂತ ನೆನಪಿಸಿ. "ಯಾರ ತಪ್ಪು" ಅನ್ನುವ ಮಾತು ಶುರುವಾಗುವ ಮುಂಚೆಯೇ ಪುಸ್ತಕ ಕೈಗೆ ಕೊಟ್ಟು "ಏನಾಯ್ತು ಅಂತ ಬರಿ" ಅನ್ನಿ.

ಜಡ್ಜ್‌ಗಳ ಮುಂದೆ

ಮಕ್ಕಳು ತಮ್ಮ ಕೆಲಸವನ್ನು ಜಡ್ಜ್‌ಗಳಿಗೆ ವಿವರಿಸುವ ಹೊತ್ತು ಇದು, ಅರ್ಧ ಗಂಟೆ. ರೋಬೊ ಗೇಮ್ (ಟೇಬಲ್ ಮೇಲಿನ ಮ್ಯಾಚುಗಳು) ಜೊತೆಗೆ ರೋಬೊ ಡಿಸೈನ್, ಇನೊವೇಶನ್ ಪ್ರಾಜೆಕ್ಟ್ (ಒಂದು ನಿಜವಾದ ಸಮಸ್ಯೆಗೆ ಮಕ್ಕಳು ಹುಡುಕಿದ ಪರಿಹಾರ), ಕೋರ್ ವ್ಯಾಲ್ಯೂಸ್ (ಟೀಮಾಗಿ ನಡೆದುಕೊಳ್ಳುವ ರೀತಿ) ನಾಲ್ಕಕ್ಕೂ ಸಮ ತೂಕ. ಎಷ್ಟೋ ಟೀಮ್ ಟೇಬಲ್ಲಿಗೇ ಎಲ್ಲ ಸಮಯ ಕೊಟ್ಟು ಇಲ್ಲಿ ಎಡವುತ್ತವೆ. ಹೆಚ್ಚಾಗಿ ಆಗೋದು ಎರಡು. ಜಾಸ್ತಿ ಮಾತಾಡುವ ಮಗುವಿಗೆ ಅವತ್ತೇ ಜ್ವರ, ಅಥವಾ ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಕೂಡಲ್ಲ. ಪ್ರತಿ ಮಗುವಿಗೂ ತನ್ನ ಭಾಗದ ಜೊತೆ ಇನ್ನೊಬ್ಬರ ಭಾಗವೂ ಗೊತ್ತಿರಲಿ. ಚಾರ್ಟ್ ಶೀಟ್ ಇಟ್ಟುಕೊಳ್ಳಿ, ಪ್ರೋಗ್ರಾಮಿನ ಪ್ರಿಂಟ್ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಉರು ಹೊಡೆದ ಸಾಲು ಮಧ್ಯದಲ್ಲಿ ಮರೆತರೆ ಮಗು ಅಲ್ಲೇ ನಿಂತುಬಿಡುತ್ತೆ. ಅದಕ್ಕೆ ನಮ್ಮ ಮಕ್ಕಳು ಮೊದಲು ಕನ್ನಡದಲ್ಲಿ ವಿವರಿಸಿ, ವಿಷಯ ಅರಗಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿ ಕಲಿಯುತ್ತಾರೆ.

ಈ ಪುಸ್ತಕವನ್ನೂ ಜಡ್ಜ್‌ಗಳಿಗೆ ತೋರಿಸಿ. ಒಂದು ಕೊಕ್ಕೆ ಯಾಕೆ ಮೂರು ಸಲ ಬದಲಾಯಿತು ಅಂತ ತಾರೀಕು ಸಮೇತ ಹೇಳುವ ಮಗುವನ್ನು ಅವರು ತುಂಬಾ ಗಮನವಿಟ್ಟು ಕೇಳುತ್ತಾರೆ.

ದೊಡ್ಡವರಿಗೆ ಒಂದು ಮಾತು

ಅಪ್ಪ ಅಮ್ಮಂದಿರೇ, ಟೀಚರ್‌ಗಳೇ, ದಯವಿಟ್ಟು ರೋಬೊ ಮುಟ್ಟಬೇಡಿ, ಲ್ಯಾಪ್‌ಟಾಪ್ ಮುಟ್ಟಬೇಡಿ. ನನಗೂ ಕೈ ತುರಿಸುತ್ತೆ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ನಮ್ಮ ಕೆಲಸ ಚಾರ್ಜರ್ ಎಲ್ಲಿದೆ, ನೀರು ಎಲ್ಲಿದೆ, ಶೌಚಾಲಯ ಎಲ್ಲಿದೆ ಅಂತ ನೋಡಿಕೊಳ್ಳೋದು. ಬೇರೆ ಟೀಮಿನವರು ಬಂದು ಪಿನ್ ಕೇಳಿದರೆ ಕೊಡಿಸೋದು. ಒಂದು ವರ್ಷ ನಮ್ಮ ಡೇಟಾ ಕೇಬಲ್ ಕೈ ಕೊಟ್ಟಾಗ, ಬೆಳಿಗ್ಗೆ ನಾವು ಟೈರ್ ಕೊಟ್ಟಿದ್ದ ಟೀಮಿನ ಮಕ್ಕಳೇ ಓಡಿ ಬಂದು ತಮ್ಮದನ್ನು ಕೊಟ್ಟರು.

ಹೆಜ್ಜೆ 10: ವಾಪಸ್ ಬರುವಾಗ

ಗೆದ್ದರೂ ಸೋತರೂ ಮನೆ ತಲುಪುವ ಮುಂಚೆ ಪುಸ್ತಕ ಬರೆದು ಮುಗಿಸಿ. ಮಾರನೇ ದಿನಕ್ಕೆ ಅರ್ಧ ಮರೆತಿರುತ್ತೆ. ಪ್ರತಿ ಮ್ಯಾಚಿನಲ್ಲಿ ಏನು ಕೆಟ್ಟಿತು, ಆ ತಪ್ಪು ಹಿಂದೆ ಯಾವ ಪುಟದಲ್ಲಿ ಬಂದಿತ್ತು ಅಂತ ಹುಡುಕಿ ಪುಟದ ಸಂಖ್ಯೆ ಹಾಕಿ. ಹೋದ ಸಲ ನಮ್ಮ ಮಕ್ಕಳು ಬಸ್ಸಿನ ಕೊನೆಯ ಸೀಟಿನಲ್ಲಿ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಬರೆದರು. ತುಮಕೂರು ದಾಟುವ ಹೊತ್ತಿಗೆ ಎರಡು ಪುಟ ಆಗಿತ್ತು, ಒಟ್ಟು ಒಂಬತ್ತು ತಪ್ಪು. ಅದರಲ್ಲಿ ಏಳಕ್ಕೆ ಹಳೇ ಪುಟದ ಸಂಖ್ಯೆ ಸಿಕ್ಕಿತು. ಉಳಿದ ಎರಡರ ಮುಂದೆ, 'ಯಾಕೆ' ಕಾಲಮ್ಮಿನಲ್ಲಿ, "ಸೋಮವಾರ ನೋಡೋಣ" ಅಂತ ಬರೆದು ಮಲಗಿದರು.